ಗೇಣು ದಪ್ಪದ ಕಲ್ಲು

"ಮಗಳಿಗೆ ತಿಳುವಳಿಕಿ ಬಂದಮ್ಯಾಲ ನಿನ್ನ ದನಿ ಕೇಳಸ್ತೀನಿ" ಎಂದು ಕಲ್ಲುಕುಟಿಗ ಹನಮಪ್ಪ ಸಾಯುತ್ತಿದ್ದ ಹೆಂಡತಿಗೆ ಮಾತು ಕೊಟ್ಟಿದ್ದ. ದನಿ ಮರವನ್ನು ಒಂದು ದಿನದಲ್ಲಿ ದಾಟುತ್ತದೆ, ಕಬ್ಬಿಣವನ್ನು ತಿಂಗಳಲ್ಲಿ. ಇಳಕಲ್ಲಿನ ಕೆಂಪು ಕಲ್ಲಾದರೆ ಗೇಣಿಗೆ ಹದಿನೈದು ವರ್ಷ. ಸಾಯುವವರೆಲ್ಲ ಮಾಡುವಂತೆ ಶಂಕ್ರವ್ವನೂ ಗೇಣು ದಪ್ಪದ ಕಲ್ಲಿಗೆ ತುಟಿ ಹಚ್ಚಿ, ತೊಟ್ಟಿಲ ಕೂಸಿಗೆ ಹೇಳುವುದನ್ನೆಲ್ಲ ಹೇಳಿ ಕಣ್ಣು ಮುಚ್ಚಿದಳು.

ಇವತ್ತಿಗೆ ಹದಿನೈದು ವರ್ಷ ತುಂಬಿತು. ಮಗಳು ನೀಲವ್ವ ಬೆಳಿಗ್ಗೆಯಿಂದ ಕಲ್ಲಿನ ಈಚೆ ಬದಿಗೆ ಕಿವಿ ಹಚ್ಚಿ ಕುಳಿತಿದ್ದಳು.

"ಅಪ್ಪಾ, ಅವ್ವಂದೂ ನಿನ್ನಂಗ ಮಾತು ಕಮ್ಮಿ ಏನು? ಇನ್ನೂ ಏನೂ ಕೇಳವಲ್ದು."

"ಅಕೀದಾ? ಮಾತಿಗೆ ನಿಂತ್ರ ಒಲಿ ಮ್ಯಾಲಿನ ಅನ್ನ ಹೊತ್ತತಿತ್ತು. ತಡಿ, ಬರ್ತೈತಿ."

ಸಂಜೆಯಾಯಿತು. ನೀಲವ್ವ ಕಲ್ಲಿನ ಮೇಲೆ ಕೈಯಾಡಿಸಿದಳು.

"ಎಷ್ಟ್ ನುಣ್ಣಗ ಐತಿ. ನೀನ ತಿಕ್ಕಿದ್ಯಾ?"

"ಹೂಂ. ಎರಡು ವರ್ಷದ ಹಿಂದ ಕೆತ್ತಿ ತಿಕ್ಕಿದೆ. ನಿನ್ನ ಕೆನ್ನಿಗೆ ಚುಚ್ಚಬಾರದಂತ..."

ಹನಮಪ್ಪ ಅಲ್ಲಿಗೇ ನಿಲ್ಲಿಸಿ, ಕಲ್ಲಿನ ದಪ್ಪಕ್ಕೆ ಗೇಣು ಹಾಕಿ ನೋಡಿದ. ಒಂದು ಬೆರಳು ಕಡಿಮೆಯಿತ್ತು. ಆ ಒಂದು ಬೆರಳು ದಾಟಲು ದನಿಗೆ ವರ್ಷದ ಮೇಲೆ ಬೇಕು. ಶಂಕ್ರವ್ವ ಕಳೆದ ವರ್ಷವೇ, ಯಾರೂ ಕಿವಿ ಹಚ್ಚದ ಹೊತ್ತಿನಲ್ಲಿ, ಎಲ್ಲವನ್ನೂ ಹೇಳಿ ಮುಗಿಸಿದ್ದಳು.

"ಏಳವ್ವ," ಎಂದ. "ನಿಮ್ಮವ್ವ ಬಂದು ಹೋಗ್ಯಾಳ."

ಹೆಂಡತಿಗೆ ಕೊಟ್ಟ ಮಾತನ್ನು ಹನಮಪ್ಪ ಉಳಿಸಿಕೊಳ್ಳಲಿಲ್ಲ.