ಮೊದಲ ಕಾಫಿ

ಮದುವೆಯಾಗಿ ಸರಾಯೆವೊಗೆ ಬಂದು ವರ್ಷವಾದರೂ ಬೋಸ್ನಿಯನ್ ಕ್ರಿಯಾಪದಗಳು ಶಾಂಭವಿಗೆ ಕಬ್ಬಿಣದ ಕಡಲೆ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾಳೆ ಎಂದು ಅತ್ತೆ ದಿನವೂ ಗದರಿಸಿ ಬಾಯಿಪಾಠ ಮಾಡಿಸುತ್ತಿದ್ದರು. ಊರಿನ ರೂಢಿಯನ್ನೂ ಹೇಳಿಕೊಟ್ಟಿದ್ದರು: ನೆಂಟರಿಗೆ ಮೊದಲ ಕಾಫಿ ಸ್ವಾಗತಕ್ಕೆ, ಎರಡನೆಯದು ಹರಟೆಗೆ, ಮೂರನೆಯದು ‘ಇನ್ನು ಹೊರಡಿ’ ಎನ್ನಲಿಕ್ಕೆ.

ಅಂದು ಅತ್ತೆಯ ನಾದಿನಿ ಬಂದು ಕೂತವರೇ ನಕ್ಕರು. “ಅಲ್ಲ ಅತ್ತಿಗೆ, ‘ನೀವು ಹೇಗಿದ್ದೀನಿ’ ಅಂತ ಕೇಳ್ತಾಳಲ್ಲ ಇವಳು! ನಿಮ್ಮ ಮಗನಿಗೆ ನಮ್ಮ ಭಾಷೆಯವಳು ಒಬ್ಬಳೂ ಸಿಗಲಿಲ್ವಾ?”

ಅತ್ತೆ ಹುಬ್ಬು ಗಂಟಿಕ್ಕಿದರು. ಶಾಂಭವಿ ಒಳಗೆ ಹೋಗಿ ಕಾಫಿ ಮಾಡಿ ತಂದಳು.

“ಸದ್ಯ, ಸ್ವಾಗತದ ಕಾಫಿ ಮಾಡೋದಾದ್ರೂ ಕಲಿತಿದ್ದಾಳೆ,” ಎಂದರು ನಾದಿನಿ.

“ಇದು ಸ್ವಾಗತದ್ದಲ್ಲ, ಮೂರನೇದು,” ಎಂದಳು ಶಾಂಭವಿ.

ಅತ್ತೆ ಎದ್ದು ಹೋಗಿ ನಾದಿನಿಯ ಕೋಟು ತಂದರು.