ಹೆಸರಿನ ಎದುರಿನ ಸೊನ್ನೆ

ಪರದೆಯ ಮೇಲೆ ಡಾ. ಸುಧಾಕರರ ಹೆಸರಿನ ಎದುರು ಸೊನ್ನೆ ಕಾಣಿಸಿತು. ಮೂಡುಬಿದಿರೆಯ ಕಾಲೇಜಿನ ಸಭೆಯಲ್ಲಿ ಎಲ್ಲರ ಕಣ್ಣೂ ಅವರ ಮೇಲೆ ಬಿತ್ತು. ಇ-ಜರ್ನಲ್ ಯಾರೂ ನೋಡುವುದಿಲ್ಲ, ಚಂದಾ ನಿಲ್ಲಿಸುವ ಎಂದು ಹಟ ಹಿಡಿದು ಬಳಕೆಯ ಪಟ್ಟಿ ಕೇಳಿದವರು ಅವರೇ. ಲೈಬ್ರರಿಯನ್ ಫರ್ಹಾನ ಅದನ್ನು ಹೆಸರು ಹೆಸರಾಗಿ ತೋರಿಸಿದ್ದಳು.

"ಮೂರು ವರ್ಷದಲ್ಲಿ ಒಂದು ಸಲವೂ ಲಾಗಿನ್ ಆಗಿಲ್ಲವಾ?" ಪ್ರಾಂಶುಪಾಲರು ಕನ್ನಡಕ ತೆಗೆದರು. "ಮತ್ತೆ ನಿಮ್ಮ ಐದು ಸಂಶೋಧನಾ ಲೇಖನ ಹೇಗೆ ಬಂತು?"

ಮೂರು ವರ್ಷದ ಹಿಂದೆ ಫರ್ಹಾನಳ ಬಡ್ತಿಯ ಕಡತದಲ್ಲಿ, "ಬೀಗ ತೆಗೆಯುವುದು, ಹಾಕುವುದು ಬಿಟ್ಟರೆ ಇವರಿಗೆ ಬೇರೆ ಕೆಲಸ ಇಲ್ಲ" ಎಂದು ಬರೆದವರು ಬಡ್ತಿ ಸಮಿತಿಯಲ್ಲಿದ್ದ ಇದೇ ಸುಧಾಕರ. ಮರುದಿನವೇ ಚೀಟಿ ಕಳುಹಿಸಿದ್ದರು: ಮೇಡಂ, ಈ ವಿಷಯ ಹುಡುಕಿ ಪ್ರಿಂಟ್ ತೆಗೆದಿಡಿ. ಪಾಸ್‌ವರ್ಡ್ ಒತ್ತುವುದು ಅವರ ಪ್ರಕಾರ ಗುಮಾಸ್ತರ ಕೆಲಸ. ಅಂದಿನಿಂದ ಬಂದ ಪ್ರತಿಯೊಂದು ಚೀಟಿಗೂ ಫರ್ಹಾನ ತನ್ನ ಹೆಸರಿನಲ್ಲೇ ಲಾಗಿನ್ ಆಗಿ ಲೇಖನ ತೆಗೆದುಕೊಟ್ಟಳು, ನಗುತ್ತಲೇ. ಪಟ್ಟಿಯ ಮೊದಲ ಸಾಲು ಈಗ ಅವಳದ್ದು: ಸಾವಿರದ ನಲವತ್ತೆರಡು ಲಾಗಿನ್.

"ಅಯ್ಯೋ, ಹಾಗಲ್ಲ ಸರ್, ನಾನು ಓದಿದ್ದೇನೆ," ಸುಧಾಕರ ಬೆವರು ಒರೆಸಿಕೊಂಡರು. "ಎಲ್ಲ ಹುಡುಕಿ, ಆರಿಸಿ ಕೊಟ್ಟದ್ದು ಮೇಡಂ. ಅವರಿಲ್ಲದಿದ್ದರೆ ಒಂದು ಲೇಖನವೂ ಆಗ್ತಿರಲಿಲ್ಲ."

ಫರ್ಹಾನ, ಸಭೆಯ ನಡಾವಳಿ ಬರೆಯುತ್ತಿದ್ದ ಕಾಂತಿಯ ಕಡೆ ತಿರುಗಿದಳು.

"ಸರ್ ಹೇಳಿದ್ದನ್ನು ಹಾಗೆಯೇ ಬರೆಯಿರಿ ಕಾಂತಿ, ಒಂದಕ್ಷರ ಬಿಡಬೇಡಿ. ಅವರ ಸಹಿ ಆದ ಮೇಲೆ ಒಂದು ಪ್ರತಿ ನನ್ನ ಬಡ್ತಿಯ ಕಡತಕ್ಕೆ ಹಾಕ್ಲಿಕ್ಕೆ ಉಂಟು."