ಸಾಣೆ ಅಂಕುಶನ ಹಾಡು

ಕದದ ಹಿಂದೆ ಗಂಡಸೊಬ್ಬ ಹಾಡುತ್ತಿದ್ದ. ಬಾಳಾಸೋ ಖೋತ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡದೆ, ತನ್ನದೇ ಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟ.

ಮಧ್ಯಾಹ್ನ ಮೂರು ಗಂಟೆ. ಕರೆಂಟು ಹೋಗಿ ಶೆಡ್ಡಿನ ಮಗ್ಗಗಳು ನಿಂತಿದ್ದರಿಂದ ಕೆಲಸದವರನ್ನೆಲ್ಲ ಬೇಗ ಬಿಟ್ಟಿದ್ದರು. ಈ ಹೊತ್ತಿನಲ್ಲಿ ಅವನು ಮನೆ ಕಂಡು ವರ್ಷಗಳೇ ಆಗಿದ್ದವು.

“ಮೊಂಡಾಗಿದ್ದೆಲ್ಲ ತಾ ಶಾಲೂ, ಧಾರ ಹಚ್ಚಿ ಕೊಡತೀನಿ...”

ದಪ್ಪ ದನಿ. ಅವಸರವೇ ಇಲ್ಲದ್ದು. ಅವನ ಹೆಂಡತಿಯ ಹೆಸರು ಶಾಲನ. ಅವಳನ್ನು ಶಾಲೂ ಎಂದು ಕರೆಯುವವರು ಇಡೀ ಇಚಲಕರಂಜಿ ಊರಿನಲ್ಲಿ ಯಾರೂ ಇರಲಿಲ್ಲ.

ಕದ ಬಡಿದ. ಹಾಡು ಗಪ್ಪನೆ ನಿಂತಿತು. ಶಾಲನ ಬಾಗಿಲು ತೆಗೆದಳು. ಒಂದೇ ಕೋಣೆಯ ಮನೆ. ಬಾಳಾಸೋ ಮಂಚದ ಕೆಳಗೆ ಬಗ್ಗಿ ನೋಡಿದ. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದ.

“ಯಾರಿದ್ರು ಒಳಗ?”

“ನಾ ಒಬ್ಬಾಕಿನ. ಮೊಬೈಲ್ ಹಾಡ್ಲಿಕ್ಕತ್ತಿತ್ತು.”

“ಯಾರ ದನಿ ಅದು?”

ಶಾಲನ ಅವನ ಮುಖವನ್ನೇ ನೋಡಿದಳು. “ನಿಮಗ ಗೊತ್ತಾಗ್ಲಿಲ್ಲೇನು?”

“ಗೊತ್ತಾತು,” ಎಂದ ಬಾಳಾಸೋ. “ಚಲೋತ್ನಾಗ ಗೊತ್ತಾತು.”

ಅವಳ ಮುಖ ಅರಳಿತು. ಅವನು ಇನ್ನೇನೋ ಹೇಳಬಹುದೆಂದು ಅವಳು ಕಾದಳು. ಅವನು ಚಹಾ ಕೇಳಿದ.

ಆ ಹಾಡಿನ ಧಾಟಿ ಯಾರದೆಂದು ಊರಿಗೇ ಗೊತ್ತಿತ್ತು. ಕಾಯಿಪಲ್ಲೆ ಮಂಡಿಯ ಬಾಗಿಲಲ್ಲಿ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಚಾಕು, ಕತ್ತರಿ ಮಸೆಯುವ ಅಂಕುಶ. “ಮೊಂಡಾಗಿದ್ದೆಲ್ಲ ತರ್ರಿ ಅಕ್ಕಾ” ಎಂದು ಗಿರಾಕಿಗಳನ್ನು ಕೂಗುತ್ತಿದ್ದವನನ್ನು ದೀಪಾವಳಿಯಲ್ಲಿ ಯಾರೋ ವಿಡಿಯೊ ಮಾಡಿ ಹಾಕಿದ್ದರು. ಸಂಕ್ರಾಂತಿಯ ಹೊತ್ತಿಗೆ ಅವನು ಟೀವಿಗೆ ಹೋಗಿಬಂದಿದ್ದ. ಈಗ ಆ ಹಾಡನ್ನು ಎಐಗೆ ಕೊಟ್ಟು ಹೊಸದಾಗಿ ಮಾಡಿಸದವರೇ ಇರಲಿಲ್ಲ; ಮಾಡಿಸಿದ್ದನ್ನು ಅಂಕುಶನ ನಂಬರಿಗೂ ಕಳಿಸುತ್ತಿದ್ದರು. ಮಗ್ಗದ ಶೆಡ್ಡಿನವರು ಅದನ್ನು ಮದುವೆ ಬ್ಯಾಂಡು ಮಾಡಿದರು, ಜೋಗುಳ ಮಾಡಿದರು, ಭಜನೆ ಮಾಡಿದರು. ಮೊನ್ನೆ ಮಾಲೀಕರ ಎಮ್ಮೆಯ ಕೂಗನ್ನು ಮೊಬೈಲಿನಲ್ಲಿ ಹಿಡಿದು ಅದರಿಂದಲೂ ಹಾಡಿಸಿದ್ದರು.

ಶಾಲನ ಕೂಡ ಒಮ್ಮೆ ಅವನನ್ನು ಕೇಳಿದ್ದಳು. “ಓಣ್ಯಾಗ ಎಲ್ಲಾರೂ ಮಾಡ್ತಾರ. ನಾನೂ ಒಂದು ಮಾಡ್ಲೇನ್ರೀ?”

“ಮೊದಲ ರೊಟ್ಟಿ ನೆಟ್ಟಗ ಬಡಿಯಾಕ ಕಲಿ,” ಎಂದಿದ್ದ.

ಇಪ್ಪತ್ಮೂರು ವರ್ಷ ಮಗ್ಗಗಳ ನಡುವೆ ನಿಂತು ಬಾಳಾಸೋನ ಕಿವಿ ಮಂದವಾಗಿತ್ತು. ದನಿ ಮಾತ್ರ ಶೆಡ್ಡಿನ ಅಳತೆಗೇ ಉಳಿದಿತ್ತು. ಮನೆಯಲ್ಲೂ ಕೂಗಿಯೇ ಮಾತು, ಮಾತೆಂದರೆ ಬೈಗಳು. ಹಿಂದೆಲ್ಲ ಶಾಲನ ಎದುರು ಮಾತಾಡುತ್ತಿದ್ದಳು, ಇಲ್ಲವೇ ಅಳುತ್ತಿದ್ದಳು. ಹದಿನೈದು ದಿನಗಳಿಂದ ಎರಡೂ ಇಲ್ಲ. ಅವನು ಉಣ್ಣಲು ಕುಳಿತರೆ ಫ್ಯಾನು ಆರಿಸುತ್ತಿದ್ದಳು. ಮೊಬೈಲನ್ನು ತಾಟಿನ ಪಕ್ಕಕ್ಕಿಟ್ಟು ಸುಮ್ಮನೆ ಕೂರುತ್ತಿದ್ದಳು. ಸಾರಿಗೆ ಉಪ್ಪಿಲ್ಲವೆಂದು ಕಿರುಚಿದ ದಿನ, “ಏನಂದ್ರಿ? ಇನ್ನೊಮ್ಮೆ ಅನ್ರಿ,” ಎಂದಿದ್ದಳು. ಇನ್ನೊಂದು ದಿನ, “ಲಗ್ನಾದ ಹೊಸದರಾಗ ನನಗ ಏನಂತ ಕರೀತಿದ್ರಿ, ನೆನಪೈತೇನು?” ಎಂದು ಕೇಳಿದ್ದಳು.

“ಊಟಾ ಹಾಕು ಅಂತ ಕರೀತಿದ್ದೆ.”

ಅವಳು ನಕ್ಕಿದ್ದಳು. ಬೈಗಳು ನಾಟದ ಹೆಂಗಸಿನ ಮನಸ್ಸು ಬೇರೆಲ್ಲೋ ಇರುತ್ತದೆ. ಬಾಳಾಸೋಗೆ ಈಗ ಲೆಕ್ಕ ಸರಿಹೋಯಿತು.

ಸಂಜೆ ಅವಳು ನೀರಿಗೆ ಹೋದಾಗ ಮೊಬೈಲು ತೆರೆದ. ಅಂಕುಶನ ಹೆಸರು ಮೇಲೆಯೇ ಇತ್ತು.

“ವೈನಿ, ದನಿ ಕೇಳಿದೆ. ಮನಸಿಗೆ ಹತ್ತಿತು. ಯಾವಾಗ ಭೇಟಿ?”

ಅದರ ಕೆಳಗೆ ಶಾಲನಳ ಉತ್ತರ: “ಈಗ ಬ್ಯಾಡ ಭಾವೂ. ಅವರಿಗೆ ಗೊತ್ತಾದ್ರ ಒದರಾಡಿ ಮನಿ ಮ್ಯಾಲ ಕೆಳಗ ಮಾಡ್ತಾರ.”

ಅತ್ತಿಗೆಯಂತೆ, ಅಣ್ಣನಂತೆ! ಬಾಳಾಸೋ ಎರಡು ಸಲ ಓದಿದ. ಮೊಬೈಲನ್ನು ಇದ್ದಲ್ಲೇ ಇಟ್ಟ. ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟ. ಅವಳಿಲ್ಲದ ಈ ಕೋಣೆ ಹೇಗಿರುತ್ತದೆ ಎಂದು ಮೊದಲ ಸಲ ಯೋಚಿಸಿದ. ಅಂದು ಅವನು ಬೈಯಲಿಲ್ಲ. ಶಾಲನ ಮೊಬೈಲನ್ನು ತಾಟಿನ ಹತ್ತಿರ ಇನ್ನಷ್ಟು ಸರಿಸಿದಳು.

ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗದೆ ಮಂಡಿಗೆ ಹೋದ. ಅಂಕುಶನ ಸುತ್ತ ಹತ್ತಿಪ್ಪತ್ತು ಜನ, ಎಲ್ಲರ ಕೈಯಲ್ಲೂ ಮೊಬೈಲು. ಮಧ್ಯದಲ್ಲಿ ಕಡ್ಡಿಯಂಥ ಮನುಷ್ಯ ಪೆಡಲು ತುಳಿಯುತ್ತ ಕುಡುಗೋಲು ಮಸೆಯುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸುಂದ್ರಾ ಕತ್ತರಿಗಳನ್ನು ಒರೆಸಿಡುತ್ತಿದ್ದಳು. ಅಂಕುಶನ ದನಿ ಪೀಪಿಯಂತಿತ್ತು. ಮನೆಯಲ್ಲಿ ಕೇಳಿದ ದಪ್ಪ ದನಿಗೂ ಇದಕ್ಕೂ ತಾಳೆಯೇ ಇರಲಿಲ್ಲ. ಅದೂ ಎಐ ಆಟ ಎಂದುಕೊಂಡು ಬಾಳಾಸೋ ಜನರನ್ನು ತಳ್ಳಿ ಮುಂದೆ ನಿಂತ.

“ಏ ಸಾಣ್ಯಾ! ನನ್ನ ಹೆಂಡ್ತಿ ಹೆಸರು ಹಾಡಿನ್ಯಾಗ ಹಾಕಾಕ ನಿನಗೆಷ್ಟು ಧೈರ್ಯ ಲೇ? ಏನಂದ್ಕೊಂಡಿ ಆಕಿನ್ನ?”

ಸಾಣೆಕಲ್ಲು ನಿಂತಿತು. ಅಂಕುಶ ಕುಡುಗೋಲು ಕೆಳಗಿಟ್ಟು, ಕಣ್ಣು ಮುಚ್ಚಿ, ತಲೆ ವಾಲಿಸಿದ.

“ಮಾತಾಡ್ರಿ, ನಿಲ್ಲಸಬ್ಯಾಡ್ರಿ.”

“ಕೈ ಕಾಲು ಮುರೀತೀನಿ!” ಬಾಳಾಸೋನ ದನಿ ಮಂಡಿಯ ಆ ತುದಿಗೆ ಮುಟ್ಟಿತು. “ನಾ ಬಾಯಿಲೆ ಬೈತಿರಬಹುದು. ಖರೆ, ಆಕಿ ಇಲ್ಲದ ನನಗ ಒಂದು ದಿನ ಹೋಗಾಂಗಿಲ್ಲ, ತಿಳೀತೇನು?”

ಅಂಕುಶ ಕಣ್ಣು ತೆರೆದ. ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡು ಬಾಳಾಸೋನ ಕೈ ಹಿಡಿದ. “ಸುಂದ್ರಾ, ಬಾ ಇಲ್ಲೆ. ನಾ ಭೇಟಿ ಆಗಬೇಕಂದಿದ್ದ ಶಾಲನ ವೈನಿ ಯಜಮಾನ್ರು ಬಂದಾರ. ಇದ ದನಿ ನೋಡು!”

“ಯಾವ ದನಿ?” ಎಂದ ಬಾಳಾಸೋ.

“ನೀವು ಬೈದದ್ದನ್ನೆಲ್ಲ ಮೊಬೈಲಿನ್ಯಾಗ ಹಿಡಿದು, ಎಐಗೆ ಕೊಟ್ಟು, ಅದ ದನೀಲೆ ಒಮ್ಮೆ ಶಾಲೂ ಅಂತ ಕರಿಸಿಕೊಂಡೀನಿ ಅಂದಿದ್ರು ವೈನಿ. ಆ ಹಾಡು ಹಾಡಿದಾಂವ ನೀವ, ದಾದಾ.”